ಹೆತ್ತವಳಿಗೊಂದು ರೊಟ್ಟಿ

"ನಿನ್ನ ಮುಖ ನೋಡಿದ್ರೆ ಕರಡೀನೂ ಹೆದರುತ್ತೆ. ಸ್ವಲ್ಪ ನಗು," ಎಂದಳು ಅಮಿಮಿ.

ಹೇಗೆ ನಗಲಿ? ಸಿಪಾಯಿಗಳು ನನ್ನ ಕೈ ಕಟ್ಟಿ 'ಮನೆಗೆ' ಕರೆದೊಯ್ಯುತ್ತಿದ್ದರು. ಚಿಕ್ಕವನಿದ್ದಾಗ ಅಮೆರಿಕದ ಲೆನಾಪೆ ಬುಡಕಟ್ಟಿನವರು ನನ್ನನ್ನು ಬಿಳಿಯರ ಊರಿಂದ ಸೆರೆ ಹಿಡಿದು ತಂದದ್ದು ನಿಜ. ಆದರೆ ಮಗನನ್ನು ಕಳೆದುಕೊಂಡಿದ್ದ ಒಬ್ಬ ಅವ್ವ ನನ್ನನ್ನು ನದಿಯಲ್ಲಿ ಮೀಯಿಸಿ, ಇವನೇ ನನ್ನ ಮಗ ಎಂದಳು. ಅವಳ ಕೈಯೂಟ ಉಂಡೇ ಮೀಸೆ ಬಂತು. ಈಗ ಎರಡೂ ಕಡೆಯ ದೊಡ್ಡವರು ಒಪ್ಪಂದ ಮಾಡಿಕೊಂಡರಂತೆ, ಬಿಳಿಯರ ಮಕ್ಕಳನ್ನೆಲ್ಲ ವಾಪಸ್ ಕೊಡಬೇಕಂತೆ. ನನ್ನನ್ನು ಕೇಳಿದವರು ಯಾರು?

ನಮ್ಮ ಲೆನಾಪೆ ಊರಿನ ಹುಡುಗಿ ಅಮಿಮಿಯನ್ನು ಯಾರೂ ಕರೆದಿರಲಿಲ್ಲ. ಸುಮ್ಮನೆ ಹೊರಟು ಬಂದಿದ್ದಳು. ಕಾಡು, ಬೆಟ್ಟ, ಹಿಮ ಎಲ್ಲ ದಾಟಿ ನನ್ನ ಪಕ್ಕದಲ್ಲೇ ನಡೆದಳು. ಅವಳ ಕಂಬಳಿಯೊಳಗೆ ಮೆಕ್ಕೆಜೋಳದ ಹಿಟ್ಟಿನ ಒಂದು ಚೀಲ.

"ಹೊಟ್ಟೆ ಹಸೀತಿದೆ. ಆ ಹಿಟ್ಟು ತೆಗಿ," ಎಂದೆ.

"ಮುಟ್ಟಿದ್ರೆ ಕೈ ಮುರೀತೀನಿ. ಅದು ನಿನ್ನ ಅವ್ವನಿಗೆ."

"ಅವ್ವ ಊರಲ್ಲೇ ಉಳಿದಳಲ್ಲ."

"ಇನ್ನೊಬ್ಬ ಅವ್ವನಿಗೆ," ಎಂದು ಓರೆಗಣ್ಣಲ್ಲಿ ನೋಡಿದಳು.

ನನ್ನ ಕಿವಿ ಬಿಸಿಯಾಯಿತು. ನಮ್ಮಲ್ಲಿ ಹುಡುಗಿ ರೊಟ್ಟಿ ಸುಟ್ಟು ಬುಟ್ಟಿಯಲ್ಲಿ ಹುಡುಗನ ತಾಯಿಗೆ ಒಯ್ಯುತ್ತಾಳೆ. ತಾಯಿ ತಿಂದು, ಅದೇ ಬುಟ್ಟಿಗೆ ಮಾಂಸ ಹಾಕಿ ಕೊಟ್ಟರೆ ಮದುವೆ ಆದಂತೆ.

"ಅವಳು ತಿನ್ನದಿದ್ರೆ?"

"ಬಂದ ದಾರೀಲೇ ವಾಪಸ್ ಹೋಗ್ತೀನಿ. ನೀನು ಹಿಂದೆ ಬರಬೇಡ."

ಕೋಟೆಯ ಊರು ತಲುಪಿದಾಗ ಹೆಂಗಸರು ಓಡಿಬಂದು ನಮ್ಮ ಒಬ್ಬೊಬ್ಬರ ಮುಖ ಹುಡುಕಿದರು. ಒಬ್ಬಳು ನನ್ನ ಕಿವಿಯ ಹಿಂದಿನ ಗಾಯದ ಗುರುತು ಮುಟ್ಟಿ, "ಹ್ಯೂ," ಎಂದಳು. ನನ್ನ ಹಳೆಯ ಹೆಸರು. ಸಿಪಾಯಿ ಹಗ್ಗ ಬಿಚ್ಚಿದ. ನಾನು ಕೋಪದಿಂದ ನೆಟ್ಟಗೆ ನಿಂತೆ. ಅವಳ ಕೈ ಮಾತ್ರ ನನ್ನ ಕಿವಿ ಬಿಡಲೇ ಇಲ್ಲ.

ಅಮಿಮಿ ಬೆಳಿಗ್ಗೆಯೇ ಬೂದಿಯಲ್ಲಿ ರೊಟ್ಟಿ ಸುಟ್ಟಿದ್ದಳು. ಬುಟ್ಟಿಯನ್ನು ಹೆತ್ತವಳ ಮುಂದಿಟ್ಟಳು. ಆಕೆಯ ಮುಖ ಬಿಗಿದುಕೊಂಡಿತು. ಎದುರಿಗಿದ್ದುದು ಅವಳ ಮನೆ ಸುಟ್ಟವರ ಕಂಬಳಿ, ಅವರದೇ ಜಡೆ.

"ಏನಿದು?"

"ರೊಟ್ಟಿ. ತಿನ್ನು," ಎಂದೆ, ಅರ್ಧ ಮರೆತ ಮಾತಿನಲ್ಲಿ. ಉಳಿದದ್ದನ್ನು ಹೇಳಲಿಲ್ಲ.

"ದಾರಿಯುದ್ದಕ್ಕೂ ನಿನ್ನ ನೋಡ್ಕೊಂಡಿದ್ದು ಇವಳೇನಾ?"

ತಲೆಯಾಡಿಸಿದೆ. ಅವಳು ಒಂದು ಚೂರು ಮುರಿದು ಬಾಯಿಗಿಟ್ಟಳು. "ಉಪ್ಪೇ ಇಲ್ಲ," ಎಂದಳು. ಇನ್ನೊಂದು ಚೂರು ಮುರಿದಳು. ಆಮೇಲೆ, ಖಾಲಿ ಬುಟ್ಟಿ ಕೊಡಲು ಮನಸ್ಸಾಗದೆ, ತನ್ನ ಗಾಡಿಯಿಂದ ಒಣಗಿಸಿದ ಹಂದಿಮಾಂಸದ ತುಂಡೊಂದನ್ನು ಕತ್ತರಿಸಿ ಅದರಲ್ಲಿ ಹಾಕಿದಳು.

ಅಮಿಮಿ ಅಲ್ಲೇ ಕುಕ್ಕರಿಸಿ ನಗುತ್ತಾ ಅತ್ತಳು.

"ಯಾಕಮ್ಮಾ? ನಾನೇನು ಮಾಡ್ದೆ?"

"ನೀನೇ ನಮ್ಮ ಮದುವೆ ಮಾಡ್ದೆ," ಎಂದೆ. ತೊದಲುತ್ತಲೇ ಎಲ್ಲ ಹೇಳಿದೆ.

ಅವಳು ಕೂತು ಉಳಿದ ರೊಟ್ಟಿಯನ್ನೂ ಅಗಿದು ನುಂಗಿದಳು.

"ಕಳ್ಳ," ಎಂದಳು ಕೊನೆಗೆ. "ಇವಳ ಜೊತೆ ಹೊರಟುಬಿಡ್ತೀಯಾ?"

ಹೌದು ಎನ್ನಬೇಕೆಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದವನು ನಾನು. ಅವಳ ಗಲ್ಲಕ್ಕೆ ರೊಟ್ಟಿಯ ಬೂದಿ ಹತ್ತಿತ್ತು.

"ಹಿಮ ಕರಗಿದ ಮೇಲೆ," ಎಂದೆ. "ಅಲ್ಲೀವರೆಗೆ ಇಬ್ಬರೂ ನಿನ್ನ ಮನೇಲೇ."

ಅವಳು ಎದ್ದು ಅಮಿಮಿಯ ಕೈಯಿಂದ ಬುಟ್ಟಿ ಕಿತ್ತುಕೊಂಡಳು. ಆ ತುಂಡನ್ನು ತೆಗೆದು ಗಾಡಿಗೆ ಎಸೆದು, ಹಂದಿಯ ಇಡೀ ತೊಡೆಯನ್ನೇ ಎತ್ತಿ ತಂದು ಬುಟ್ಟಿಯಲ್ಲಿಟ್ಟಳು.

"ಮೊದಲೇ ಹೇಳೋದಲ್ವಾ? ಸೊಸೆಗೆ ಅಷ್ಟು ಚಿಕ್ಕ ತುಂಡು ಕೊಡ್ತಾರಾ?"