ಭಂಡಾರ ಹಣೆಗೆ, ಆಣೆಗಲ್ಲ

"ನಿಮ್ಮ ದನಿ ನಾ ಮೊದಲೇ ಕೇಳೀನ್ರಿ."

ತಾಯಿಯ ಜೊತೆ ಹೆಣ್ಣು ನೋಡಲು ಬಂದ ಮಾಂತು ಚಹಾದ ಕಪ್ಪು ಮುಟ್ಟುವ ಮೊದಲೇ ಹೀಗೆಂದ. ತ್ರಿವೇಣಿ ತಟ್ಟೆ ಕೆಳಗಿಟ್ಟು ತಲೆಯೆತ್ತಿದಳು.

"ಎಲ್ಲೆ ಕೇಳೀರಿ?"

"ಅವ್ವನ ಮೊಬೈಲಿನ್ಯಾಗ. ದಿನಾ ಧಾರಾವಾಹಿ ಮುಗದ ಮ್ಯಾಲೆ, 'ಕೇಳ್ರಿ ಅಕ್ಕಾರ' ಅಂತ ಬರ್ತದಲ್ರಿ... ಅದು ನೀವೇ ಹೌದಲ್ರಿ?"

ಹೌದು, ಅವಳೇ. ಪುಣೆಯ ಕನ್ನಡ ಹೆಂಗಸರ ಫೋನಿನ ಗುಂಪಿನಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. ಊರಲ್ಲಿ ಅವಳ ಅಜ್ಜಿ ಪುರಾಣ ಕೇಳಿ ಬಂದು, ಕಟ್ಟೆಯ ಮೇಲೆ ಕೂತು ಸೀತೆಯ ಪರ ಜಗಳಕ್ಕೆ ನಿಲ್ಲುತ್ತಿದ್ದಳು. ಮೊಮ್ಮಗಳು ಹಡಪಸರದ ಎರಡು ಕೋಣೆಯ ಮನೆಯಲ್ಲಿ ಕೂತು ಧಾರಾವಾಹಿಯ ಗೋದಾಳ ಪರ ನಿಲ್ಲುತ್ತಿದ್ದಳು, ಅಷ್ಟೇ.

ನಿನ್ನೆಯ ಕಂತಿನಲ್ಲಿ ಗೋದಾಳ ಮೇಲೆ ಗಂಡನಿಗೆ ಸಂಶಯ ಬಂದಿತ್ತು. ಭಂಡಾರ, ಅಂದರೆ ದೇವರ ಅರಿಶಿನ, ಮುಟ್ಟಿ ಆಣೆ ಮಾಡು ಎಂದಿದ್ದಳು ಅತ್ತೆ. ಅದಕ್ಕೆ ತ್ರಿವೇಣಿ ಗುಂಪಿನಲ್ಲಿ ಹೇಳಿದ್ದಳು: "ಮೈಲಾರಲಿಂಗನ ಭಂಡಾರ ಹಣಿಗೆ ಹಚ್ಚಲಿಕ್ಕೆ ಅದ, ಹೆಂಗಸಿನ ಬಾಯಿ ಕಟ್ಟಲಿಕ್ಕೆ ಅಲ್ಲ. ಗೋದಾ, ಮುಟ್ಟಬ್ಯಾಡ."

ಮಗನ ಮಾತು ಕೇಳಿ ತಾಯಿ ಶಿವಗಂಗವ್ವನ ಮುಖ ಬಿಗಿಯಿತು.

"ಅಕಿ ನೀನೇ ಏನು? ಅತ್ತೀಗೆ ಎದುರು ನಿಲ್ಲು ಅಂತ ಊರ ಸೊಸ್ತ್ಯಾರಿಗೆಲ್ಲ ಕಲಸಾಕಿ?"

ಆಕೆ ಸೊಂಟದ ಚೀಲದಿಂದ ಜೇಜುರಿಯ ಮೈಲಾರಲಿಂಗನ ಗುಡಿಯ ಅರಿಶಿನ ತುಂಬಿದ ಸಣ್ಣ ಗಂಟನ್ನು ತೆಗೆದು ಚಾಪೆಯ ಮೇಲಿಟ್ಟಳು.

"ಹುಡುಗಿ ಲಕ್ಷಣ ಇದ್ದಿ. ನನಗ ಒಪ್ಪಿಗಿ ಅದ. ಲಗ್ನ ಆದ ಮ್ಯಾಲೆ ಆ ಗುಂಪಿನ್ಯಾಗ ಬಾಯಿ ಬಿಡಂಗಿಲ್ಲ ಅಂತ ಭಂಡಾರ ಮುಟ್ಟಿ ಹೇಳು, ಮುಗೀತು."

ತ್ರಿವೇಣಿ ಮಾಂತುವಿನತ್ತ ನೋಡಿದಳು. ಒಂದು ಮಾತು... ಒಂದೇ ಒಂದು ಮಾತು ಆಡಲಿ.

ಅವನು ಕಪ್ಪಿನೊಳಗೆ ನೋಡುತ್ತ ಕೂತಿದ್ದ.

'ತಾಯಿಯ ಕೈಗೆ ಸಿಕ್ಕಿಸಲೆಂದೇ ನನ್ನ ದನಿಯ ಸುದ್ದಿ ತೆಗೆದನೇ?'

"ತಂಗಿ, ಹಿರ್ಯಾರ ಮಾತು..." ಎಂದು ತಂದೆ ಕಾಡಪ್ಪ ಮೆಲ್ಲಗೆ ಅಂದರು.

"ಅಪ್ಪಾ, ಅವ್ವಾರು ಭಂಡಾರ ಹಣಿಗೆ ಹಚ್ಚಿದ್ರ ತೆಲಿ ಬಗ್ಗಸ್ತೀನಿ. ಆಣಿ ಮಾಡಂಗಿಲ್ಲ."

"ಸಂಬಂಧ ತಪ್ಪತದ, ನೋಡು," ಎಂದಳು ಶಿವಗಂಗವ್ವ.

"ತಪ್ಪಿದ್ರ ತಪ್ಪಲಿ ಬಿಡ್ರಿ."

ತಾಯಿ ಮಗ ಎದ್ದು ಖರಾಡಿಯ ತಮ್ಮ ಮನೆಗೆ ಹೊರಟರು. ಚಹಾ ಹಾಗೇ ತಣ್ಣಗಾಗಿತ್ತು.

ಆ ಸಂಜೆಯ ಕಂತಿನಲ್ಲಿ ಗೋದಾ ಭಂಡಾರ ಮುಟ್ಟಿದಳು. ಅವಳ ಗಂಡ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಗುಂಪಿನ ತುಂಬ ಕೈಮುಗಿದ ಚಿತ್ರಗಳು, ಕಣ್ಣೀರು.

'ದನಿ ಕೇಳೀನಿ' ಎಂದಾಗ ಮಾಂತುವಿನ ಕಣ್ಣಲ್ಲಿ ಕಂಡ ಬೆಳಕು ಸುಳ್ಳಾಗಿರಲಿಲ್ಲವಲ್ಲ... ತ್ರಿವೇಣಿ ದೇವರ ಮೂಲೆಯ ಕಡೆ ಒಮ್ಮೆ ನೋಡಿ, ಫೋನಿನ ಗುಂಡಿ ಒತ್ತಿದಳು.

"ಕೇಳ್ರಿ ಅಕ್ಕಾರ. ಗೋದಾ ಆಣಿ ಮಾಡಿದ್ಲು, ನಾ ಮಾಡಲಿಲ್ಲ. ನನ್ನ ಸಂಬಂಧ ಇವತ್ತ ತಪ್ಪಿತು. ಆದ್ರೂ ಗೋದಾ ಮಾಡಿದ್ದು ತಪ್ಪೇ ಅಂತೀನಿ."

ಗುಂಪಿನ ಹಿರಿಯಳಾದ ಸಾವಿತ್ರಿಬಾಯಿಯ ದನಿ ಬಂತು: "ಏ ಹುಚ್ಚಿ, ಅದು ಕಥಿ. ನಿಂದು ಬಾಳೇವು."

"ಕಥಿ ಕೇಳೇ ಬಾಳೇವು ಮಾಡೂದು ಕಲತೀವಲ್ರಿ, ಬಾಯಾರ."

ಆಮೇಲೆ ಶಿವಗಂಗವ್ವನ ನಂಬರಿನಿಂದ ಒಂದು ದನಿ. ಗಂಡಸಿನ ದನಿ.

"ನಮಸ್ಕಾರ ಅಕ್ಕಾರ. ನಾ ಶಿವಗಂಗವ್ವನ ಮಗ ಮಾಂತು. ಗಂಡಸರು ಇಲ್ಲೆ ಮಾತಾಡಬಾರದು, ಗೊತ್ತದ. ಎಲ್ಲಾರೂ ಗೋದಾನ್ನೇ ನೋಡ್ಲಿಕ್ಕತ್ತೀರಿ. ಬಾಗಲದಾಗ ತೆಲಿ ತಗ್ಗಿಸಿ ನಿಂತಿದ್ನಲ್ಲ ಗಂಡ, ಅವಗ ಯಾರೂ ಏನೂ ಅನ್ನಲಿಲ್ಲ. ನಾ ಅಂತೀನಿ, ಅವ ಹೇಡಿ. ಇವತ್ತ ಚಹಾದ ಕಪ್ಪು ನೋಡಕೋತ ಕುಂತ ನಾನೂ ಹೇಡಿನೇ. ತ್ರಿವೇಣಿಯವರ ದನಿ ಕೇಳಲಿಕ್ಕೆ ದಿನಾ ಆಫೀಸಿನಿಂದ ಓಡಿ ಬರ್ತಿದ್ದೆ. ಅವರು ಎದುರಿಗೆ ಬಂದ್ರು, ಖುಷಿಗೆ ಬಾಯಿ ಜಾರಿತು. ಆಣಿ ಮಾಡದಿದ್ದವರೇ ನನಗ ಬೇಕು..."

"ಮಾಂತ್ಯಾ, ಫೋನ್ ಕೊಡೋ ಇಲ್ಲೆ!" ಹಿಂದಿನಿಂದ ಶಿವಗಂಗವ್ವನ ಕೂಗು. ದನಿ ಅಲ್ಲಿಗೆ ಕಡಿಯಿತು.

ತ್ರಿವೇಣಿ ಅಳುತ್ತಲೇ ನಕ್ಕುಬಿಟ್ಟಳು.

ಮರುದಿನ ಸಂಜೆ ಮಾಂತು ಒಬ್ಬನೇ ಬಂದು ಹೊಸ್ತಿಲಾಚೆ ನಿಂತ. ಕೈಯಲ್ಲಿ ಅದೇ ಅರಿಶಿನದ ಗಂಟು.

ಅವಳ ಹುಬ್ಬು ಗಂಟಾಯಿತು. "ಮತ್ತ ಆಣಿಗೇನ್ರಿ?"

"ಅಲ್ರಿ. ಅವ್ವ ಕೊಟ್ಟು ಕಳಸ್ಯಾಳ. ಲಗ್ನ ಆದಾಗ ಅಕಿ ಭಾಳ ಛಲೋ ಹಾಡ್ತಿದ್ಲಂತ. ಹಾಡೂದು ಬಿಡು ಅಂತ ಅಕಿ ಅತ್ತಿ ಇದನ್ನೇ ಮುಟ್ಟಿಸಿ ಆಣಿ ಹಾಕಿಸಿದ್ಲಂತ. ಮುಂಜಾನಿ ದೇವರ ಮುಂದ ಕುಂತು ಹೇಳಿದ್ಲು. ನಾ ಇವತ್ತೇ ಕೇಳಿದ್ದು..." ಅವನ ದನಿ ಇಳಿಯಿತು. "'ಆ ಹುಡುಗಿ ಹಣಿಗೆ ಹಚ್ಚಕೋತೀನಿ ಅಂದಿದ್ಲು, ಕೊಟ್ಟು ಬಾ' ಅಂದ್ಲು."

ತ್ರಿವೇಣಿ ಗಂಟು ಬಿಚ್ಚಿದಳು. ಚಿಟಿಕೆ ಭಂಡಾರ ಹಣೆಗೆ ಮುಟ್ಟಿಸಿಕೊಂಡಳು. ಇನ್ನೊಂದು ಚಿಟಿಕೆ ಹಿಡಿದು ಅವನ ಮುಂದೆ ನಿಂತಳು. ಅವನು ತಲೆ ಬಾಗಿಸಿದ.

"ಲಗ್ನ ಆದ ಮ್ಯಾಲೂ ನಾ ಮಾತಾಡಾಕೀರಿ."

"ಮಾತಾಡ್ರಿ."

"ತಪ್ಪು ಕಂಡ್ರ ನಿಮ್ಮ ಮ್ಯಾಲೂ ಹೇಳ್ತೀನಿ."

"ಮೊದಲು ನನ್ನ ಮ್ಯಾಲೇ ಹೇಳ್ರಿ. ಹೊರಗ ನಿಂದರ್ಸೀರಲ್ಲ, ಕಂತು ಶುರು ಆಗೂ ಹೊತ್ತಾತು... ಒಳಗ ಬರ್ಲೇನ್ರಿ?"