ಮುರಿದ ಮೂರನೇ ಪಿನ್ನು

“ಹಾಂ! ಮತ್ತ ಜುಮ್ ಅಂತು ನೋಡು!”

ಮೋನಿಯ ಅಜ್ಜಿ, ಆಯಿ ದೇವಕಮ್ಮ, ನಲ್ಲಿ ಮುಟ್ಟಿದ ಕೈಯನ್ನು ಝಾಡಿಸುತ್ತಾ ಬಚ್ಚಲಿನಿಂದ ಹೊರಗೆ ಬಂದಳು.

“ಚಪ್ಲಿ ಹಾಕ್ಕೊಂಡು ಹೋಗು ಅಂತ ಎಷ್ಟ ಸಲ ಹೇಳ್ಬೇಕವ್ವಾ?” ಎಂದ ಮೋನಿಯ ಅಪ್ಪ ಅಂಬ್ರಪ್ಪ.

“ಜಳಕ ಮಾಡಿ ದೇವರ ಮುಂದ ಕೂಡಾಕಿ ನಾ. ಚಪ್ಲಿ ಮೆಟ್ಟಿ ಜಳಕ ಮಾಡ್ಲೇನು?”

ಮೋನಿ ಕಿಸಕ್ಕನೆ ನಕ್ಕಳು.

ಕಾಲುವೆ ನೀರಿನ ಭತ್ತ ಕೈಹಿಡಿದ ವರ್ಷ ಅಪ್ಪ ಶಹಾಪುರದಿಂದ ಸಣ್ಣ ಗೀಜರ್ ತಂದಿದ್ದ. ಗೋಗಿ ಊರಿನ ಅವರ ಓಣಿಗೆ ಅದೇ ಮೊದಲ ಗೀಜರ್. ಆದರೆ ಅದರ ಪ್ಲಗ್ಗಿಗೆ ಮೂರು ಪಿನ್ನು, ಹಳೆ ಮನೆಯ ಗೋಡೆಯಲ್ಲಿ ಎರಡೇ ತೂತು. ಅಪ್ಪನಿಗೆ ಅದೊಂದು ಲೆಕ್ಕವೇ? ಇಕ್ಕಳ ಹಿಡಿದು ದಪ್ಪ ಪಿನ್ನನ್ನು ಲಟಕ್ಕನೆ ಮುರಿದ, ಪ್ಲಗ್ ಚುಚ್ಚಿದ, ಮೀಸೆ ತಿರುವಿದ. ಓಣಿಯವರೆಲ್ಲ ಭೇಷ್ ಎಂದರು. ಫಳಫಳ ಹೊಳೆಯುವ ಆ ಪಿನ್ನನ್ನು ಮೋನಿ ತನ್ನ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಳು.

ಅವತ್ತು ಶಾಲೆಯಲ್ಲಿ ಮಲಕಮ್ಮ ಟೀಚರ್ ಬೋರ್ಡಿನ ಮೇಲೆ ಪ್ಲಗ್ಗಿನ ಚಿತ್ರ ಬರೆದರು.

“ಈ ದಪ್ಪ ಪಿನ್ ಅರ್ಥಿಂಗಿಂದು. ಒಳಗ ಕರೆಂಟ್ ಸೋರಿದ್ರ ಇದು ನೆಲಕ್ಕ ಒಯ್ತದ. ಇದು ಇಲ್ಲಂದ್ರ ಮುಟ್ಟಿದವರ ಮೈಯಾಗ ಹಾಯ್ತದ. ಮೈ ತೊಯ್ದಿದ್ರಂತೂ ಜೀವಾನ ಹೋಗ್ತದ.”

ಮೋನಿ ಕಂಪಾಸ್ ಬಾಕ್ಸ್ ತೆರೆದಳು. ಅದೇ ಪಿನ್ನು!

ಬೆಲ್ ಆದದ್ದೇ ತಡ, ಅದನ್ನು ಅಂಗೈಯಲ್ಲಿ ಹಿಡಿದು ಮನೆಗೆ ಓಡಿದಳು. ಅಂದು ಅಮಾವಾಸ್ಯೆ, ಆಯಿಗೆ ಗುಡಿಗೆ ಹೋಗುವುದಿತ್ತು. ಸೀರೆ ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಬಚ್ಚಲಿಗೆ ಹೊರಟಿದ್ದಳು.

“ನಿಂದ್ರು ಆಯಿ!”

ಮೋನಿ ಪಡಸಾಲೆಯ ಮೇನ್ ಸ್ವಿಚ್ ಕೆಳಗೆಳೆದಳು. ಫ್ಯಾನು ನಿಂತಿತು. ಟಿವಿ ನೋಡುತ್ತಿದ್ದ ಅಪ್ಪ ಸಿಟ್ಟಿನಿಂದ ಎದ್ದ.

“ಯಾಕ ಬಂದ್ ಮಾಡ್ದಿ?”

“ಈ ಪಿನ್ ಮುರದಿದ್ದಕ್ಕ ಆಯಿಗೆ ಶಾಕ್ ಹೊಡ್ಯಾಕತ್ತದ ಅಪ್ಪಾ. ಗೀಜರ್ ಹಚ್ಚಬ್ಯಾಡ.”

“ನನಗ ಹೇಳಾಕ ಬಂದಿ? ಸರಿ ಆ ಕಡಿ!”

ಅಪ್ಪನಿಗೆ ಎದುರಾಡಿ ಮೋನಿಗೆ ಗೊತ್ತೇ ಇರಲಿಲ್ಲ. ಆದರೂ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು.

“ಆಯಿಗೆ ಏನರ ಆದ್ರ?”

ಅಪ್ಪ ಅವಳ ಅಂಗೈಯ ಪಿನ್ನು ನೋಡಿದ. ತನ್ನ ಅವ್ವನ ಬರಿಗಾಲು ನೋಡಿದ. ಹೊರಗೆ ಹೋಗಿ ವೈರ್‌ಮನ್ ಗುರಪ್ಪನನ್ನು ಕರೆತಂದ.

ಗುರಪ್ಪ ಗೀಜರ್ ಬಿಚ್ಚಿದ. ಒಳಗಿನ ವೈರು ಸುಟ್ಟು ಕರ್ರಗಾಗಿತ್ತು. ಮರುದಿನ ಅಂಗಳದಲ್ಲಿ ಗುಂಡಿ ತೋಡಿ ಅರ್ಥಿಂಗ್ ಮಾಡಿದ, ಗೀಜರ್ ರಿಪೇರಿ ಮಾಡಿ ಹೊಸ ವೈರು ಎಳೆದು ಮೂರು ತೂತಿನ ಸಾಕೆಟ್ಟು ಹಾಕಿದ. ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚನ್ನೂ ಕೂಡಿಸಿದ. ನೋಡಲು ಓಣಿಯವರೆಲ್ಲ ನೆರೆದರು. ಗುರಪ್ಪ ಹಳೆ ಪ್ಲಗ್ಗನ್ನು ಎತ್ತಿ ಹಿಡಿದ.

“ಇದನ್ನ ಮುರದ ಶಾಣ್ಯಾ ಯಾರಪಾ?”

ಅಂದು ಭೇಷ್ ಎಂದವರು ಈಗ ಒಬ್ಬೊಬ್ಬರೇ ಹಿಂದೆ ಸರಿದರು. ಮೋನಿ ನೆಲ ನೋಡಿದಳು. ಅಪ್ಪನ ಹೆಸರು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

“ನಾನೇ,” ಎಂದ ಅಪ್ಪ, ಎಲ್ಲರಿಗೂ ಕೇಳುವಂತೆ. “ನನಗ ತಿಳೀಲಿಲ್ಲ, ನನ್ನ ಮಗಳಿಗೆ ತಿಳೀತು. ನಿಮ್ಮ ಮನಿ ಪ್ಲಗ್ಗೂ ನೋಡ್ಕೋರಿ.”

ಪಿನ್ನು ಮುರಿದು ಮೀಸೆ ತಿರುವಿದ ದಿನವೂ ಅಪ್ಪ ಮೋನಿಗೆ ಇಷ್ಟು ದೊಡ್ಡವನಾಗಿ ಕಂಡಿರಲಿಲ್ಲ. ಹೆಮ್ಮೆಯಿಂದ ಅವಳ ಕಣ್ಣು ತುಂಬಿತು. ಹೋಗಿ ಅಪ್ಪನ ಪಕ್ಕದಲ್ಲಿ ನಿಂತಳು.

ಬಚ್ಚಲಿನಿಂದ ನೀರಿನ ಸಪ್ಪಳ ಬಂತು.

“ಮೋನೀ, ನಲ್ಲಿ ಸುಮ್ಮನದ, ಜುಮ್ ಅನ್ನವಲ್ದು ನೋಡವಾ!” ಎಂದು ಆಯಿ ಕೂಗಿದಳು.

ಅವಳ ಚಪ್ಪಲಿ ಬಚ್ಚಲ ಬಾಗಿಲಿನ ಹೊರಗೇ ಇದ್ದವು.