ರಾಗಿಣಿ ಕೊಟ್ಟ ಸೈಟೇಷನ್‌ಗಳು

"ಅಲ್ಲಾ ರೀ, ಅಂಗನವಾಡಿ ಮಕ್ಕಳ ರಕ್ತಹೀನತೆಗೂ ನನ್ನ ವೆಲ್ಡಿಂಗ್ ಹೊಗೆಗೂ ಏನ್ರೀ ಸಂಬಂಧ?"

ರಾಜಾಜಿನಗರದ ದರ್ಶಿನಿಯಲ್ಲಿ ಎತ್ತರದ ಟೇಬಲ್ಲಿಗೆ ಕೈಯೂರಿ ನಿಂತಿದ್ದ ರಾಗಿಣಿಯ ಮೇಲೆ ಬಂದವನೇ ಹರಿಹಾಯ್ದೆ. ನನ್ನ ಬಾಯಿಗೆ ಬ್ರೇಕ್ ಇಲ್ಲವೆಂದು ನಮ್ಮ ಮೆಡಿಕಲ್ ಕಾಲೇಜಿಗೆಲ್ಲ ಗೊತ್ತು.

"ಮೊದ್ಲು ಕಾಫಿ ಕುಡೀರಿ, ರುದ್ರಮುನಿಯವ್ರೇ."

ಲೋಟ ನನ್ನತ್ತ ತಳ್ಳುವಾಗ ಕಣ್ಣೆತ್ತಿ ನೋಡಿ, ತಕ್ಷಣ ಇಳಿಸಿಕೊಂಡಳು. ಅಷ್ಟಕ್ಕೇ ನನ್ನ ಅರ್ಧ ಸಿಟ್ಟು ಇಳಿಯಿತು. ಹಾಳಾದ್ದು, ಯಾವಾಗಲೂ ಹೀಗೇ.

ನಾಯಂಡಹಳ್ಳಿಯ ವರ್ಕ್‌ಶಾಪುಗಳಲ್ಲಿ ವೆಲ್ಡಿಂಗ್ ಮಾಡುವವರ ಶ್ವಾಸಕೋಶದ ಬಗ್ಗೆ ನಾನೊಂದು ಪೇಪರ್ ಬರೆದಿದ್ದೆ. ಬೇರೆ ಸಂಶೋಧಕರು ತಮ್ಮ ಬರಹದಲ್ಲಿ ಅದನ್ನು ಉಲ್ಲೇಖಿಸಿದರೆ ಅದೊಂದು ಸೈಟೇಷನ್. ಬಡ್ತಿಗೆ ಅದೇ ಆಧಾರ. ವರ್ಷಗಟ್ಟಲೆ ನನ್ನ ಪೇಪರನ್ನು ಒಂದು ನರಪಿಳ್ಳೆಯೂ ಮೂಸಿರಲಿಲ್ಲ. ಆಮೇಲೆ ಶುರುವಾಯಿತು ನೋಡಿ ಸುಗ್ಗಿ! ಯಾರು ಕೊಟ್ಟರೆಂದೂ ನೋಡದೆ ನಾನು ಹಿಗ್ಗಿದ್ದೇ ಹಿಗ್ಗಿದ್ದು. ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದೆ. ನಾಳೆ ಕಮಿಟಿ ಕೂರುತ್ತದೆ.

ನಿನ್ನೆ ನಮ್ಮ ವಿಭಾಗದ ಮುಖ್ಯಸ್ಥರಾದ ಲಕ್ಷ್ಮೀಪತಿ ಸರ್ ಕರೆದು, ಅರ್ಧಕ್ಕರ್ಧ ಸೈಟೇಷನ್ ಕೆಂಗೇರಿಯ ಒಬ್ಬರೇ ಡಾಕ್ಟರಿಂದ ಬಂದಿವೆ, ಅವರ ಅಂಗನವಾಡಿ ಮಕ್ಕಳ ಪೇಪರಿನಲ್ಲೂ ನಿನ್ನ ಹೆಸರಿದೆ ಎಂದಿದ್ದರು. ಆ ಡಾಕ್ಟರೇ ಈಗ ನನ್ನೆದುರು ನಿಂತು ಸಕ್ಕರೆ ಕದಡುತ್ತಿದ್ದಳು.

"ನಿಮ್ಮಿಬ್ರ ಮಧ್ಯೆ ಏನಾದ್ರೂ ಇದ್ಯಾ ಅಂತ ಕೇಳಿದ್ರು. ಇದ್ರೆ ನಿಮ್ಮ ಸೈಟೇಷನ್ ಎಲ್ಲಾ ಲೆಕ್ಕಕ್ಕಿಲ್ವಂತೆ. ನನ್ನ ಬಡ್ತಿ ಗೋವಿಂದ."

"ನೀವೇನಂದ್ರಿ?"

"ಏನೂ ಇಲ್ಲ ಅಂದೆ. ಇಲ್ವಲ್ಲ?"

ಅವಳ ಮುಖ ಸಣ್ಣಗಾಯಿತು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಹೌದು. ಏನೂ ಇಲ್ಲ," ಎಂದವಳೇ ಬ್ಯಾಗ್ ಎತ್ತಿಕೊಂಡು ಹೊರಟೇಬಿಟ್ಟಳು.

ಕಾಫಿ ಅಲ್ಲೇ ಬಿಟ್ಟು ಓಡಿದೆ. "ನಿಂತ್ಕೊಳ್ರೀ ಸ್ವಲ್ಪ!"

ಫುಟ್‌ಪಾತಿನಲ್ಲಿ ಹೂವಿನ ಬುಟ್ಟಿಯ ಪಕ್ಕ ನಿಂತಳು. ನನ್ನತ್ತ ತಿರುಗಲಿಲ್ಲ.

"ನಾನು ಬರೆಯೋದೇ ದುಡಿಯೋರ ಆರೋಗ್ಯದ ಮೇಲೆ. ಮಿಕ್ಕಿದ್ ಕಡೆಯೆಲ್ಲ ನಿಮ್ಮ ಪೇಪರ್ ಬೇಕೇ ಬೇಕಿತ್ತು. ಅಂಗನವಾಡಿ ಪೇಪರಿಗೆ ಬೇಕಿರ್ಲಿಲ್ಲ. ಅದನ್ನ ಬರೆಯೋವಾಗ ನೀವು ನನ್ ಜೊತೆ ಜಗಳ ಆಡ್ಕೊಂಡು ಫೋನೇ ಮಾಡ್ತಿರ್ಲಿಲ್ಲ. ನಿಮ್ಮ ಹೆಸರು ಟೈಪ್ ಮಾಡ್ಬೇಕು ಅಂತ ಆಸೆ ಆಯ್ತು. ಮಾಡ್ದೆ. ಹುಚ್ಚು ನಂದು."

ನನಗೂ ಅವಳೆಂದರೆ ಪ್ರಾಣ. ಯಾವುದೋ ಅಂಕಿಅಂಶದ ನೆಪ ಹಿಡಿದು ಅವಳಿಗೆ ಫೋನ್ ಮಾಡುತ್ತಿದ್ದೆನೇ ಹೊರತು, ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

"ನಾಳೇನೂ ಏನೂ ಇಲ್ಲ ಅಂತಾನೇ ಹೇಳಿ. ನನ್ನ ಕೇಳಿದ್ರೆ ನಾನೂ ಹಾಗೇ ಹೇಳ್ತೀನಿ. ಆದ್ರೆ ಇನ್ಮೇಲೆ ಸಿಗೋದು ಬೇಡ. ಇಲ್ಲ ಅಂತ ಹೇಳಿ ಆಮೇಲೆ ಒಟ್ಟಿಗೆ ಓಡಾಡಿದ್ರೆ ನಿಮ್ಮ ಹೆಸರು ಕೆಡುತ್ತೆ."

ಈ ಸಲ ತಪ್ಪಿದರೆ, ನನ್ನ ಕೈಕೆಳಗೆ ಕಲಿತ ಏಕಾಂತಯ್ಯ ಪ್ರೊಫೆಸರಾಗುತ್ತಾನೆ. ನಾಡಿದ್ದಿನಿಂದ ಅವನಿಗೆ ನಾನು ಸರ್ ಎನ್ನಬೇಕು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ರಾಗಿಣಿ ಬರುತ್ತಿದ್ದ ಆಟೋಗೆ ಕೈ ಅಡ್ಡ ಹಿಡಿದಳು. ಫೋನ್ ತೆಗೆದೆ.

"ಸಾರ್, ರುದ್ರಮುನಿ ಮಾತಾಡ್ತಿರೋದು. ನಿನ್ನೆ ರಾಗಿಣಿಯವ್ರ ವಿಷಯ ಕೇಳಿದ್ರಲ್ಲ? ಇದೆ ಸಾರ್. ಅವ್ರ ಸೈಟೇಷನ್ ಎಲ್ಲಾ ತೆಗೆದ್ಬಿಡಿ."

"ನಿನ್ನೆ ಇಲ್ಲ ಅಂದ್ಯಲ್ಲಯ್ಯಾ! ಯಾವಾಗಿಂದ ಇದು?"

"ನನಗೆ ಗೊತ್ತಾಗಿದ್ದು ಈಗ, ಸಾರ್."

ಲಕ್ಷ್ಮೀಪತಿ ಸರ್ ಫೋನ್ ಇಟ್ಟರು. ಆಟೋದವನು ಗೊಣಗುತ್ತಾ ಮುಂದೆ ಹೋದ.

"ತಲೆ ಕೆಟ್ಟಿದ್ಯೇನ್ರೀ ನಿಮಗೆ?" ರಾಗಿಣಿ ನನ್ನ ತೋಳಿಗೆ ಬಲವಾಗಿಯೇ ಹೊಡೆದಳು. ಕಣ್ಣಿಂದ ನೀರು ಸುರಿಯುತ್ತಿತ್ತು. "ನೀವು ಮೇಲೆ ಬರ್ಬೇಕು ಅಂತ ಎಷ್ಟು ಆಸೆ ಪಟ್ಟಿದ್ದೆ. ಕೊನೆಗೆ ನಾನೇ ಕೆಳಗೆ ಹಾಕ್ದೆನಲ್ಲ!"

ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ಅಳುವುದನ್ನೂ ನಿಲ್ಲಿಸಲಿಲ್ಲ.